ಕರೆಂಟ್ ಇಲ್ಲದ ಹೊತ್ತಿನ ನಕ್ಷೆ

ಮಳೆ, ತೊಗರಿ ರೇಟು, ಕರೆಂಟು. ಈ ಮೂರರ ಮೇಲೆ ಮಾತು ಮುಗಿದ ಊರು ನಮ್ಮ ಜೇವರ್ಗಿ ಸೀಮೆಯಲ್ಲಿ ಯಾವುದೂ ಇಲ್ಲ. ಮಳೆಯೂ ರೇಟೂ ನಮ್ಮ ಕೈಯೊಳಗಿಲ್ಲ ಅಂತ ಎಲ್ಲರೂ ಎಂದೋ ಒಪ್ಪಿಕೊಂಡಾಗಿದೆ. ಕರೆಂಟು ಮಾತ್ರ ಅರ್ಧ ನಮ್ಮ ಕೈಯೊಳಗೇ ಇದೆ ಅಂತ ಪಕ್ಕದ ಮನೆಯ ಹುಡುಗ ಈಚೆಗೆ ಹೊಸ ವಾದ ಹೂಡಿದ್ದಾನೆ. ಬರೋದು ಹೋಗೋದು ಯಾರ ಕೈಯೊಳಗಾದರೂ ಇರಲಿ. ಬಂದದ್ದು ಯಾವ ದಾರಿ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಅನ್ನೋದನ್ನ ಅದು ಬರೋದಕ್ಕಿಂತ ಮುಂಚೆ ನಾವು ಕೂತು ಯೋಚನೆ ಮಾಡಿರಬೇಕು ಅಂತಾನೆ.

ಇಜೇರಿಯಲ್ಲಿ ನನ್ನ ಅಂಗಳಕ್ಕೂ ಅವರ ಅಂಗಳಕ್ಕೂ ನಡುವೆ ಶಹಾಬಾದ ಫರಸಿಯ ಬೇಲಿ. ಉದ್ದುದ್ದ ಕಲ್ಲು ಸಾಲಾಗಿ ನೆಟ್ಟದ್ದು, ಎದೆಮಟ್ಟ ಬರುತ್ತದೆ. ಆಡು ದಾಟುವುದಿಲ್ಲ, ಚಹಾದ ಕಪ್ಪು ದಾಟುತ್ತದೆ. ಹುಡುಗ ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ಕಟ್ಟುವ ವರ್ಕ್‌ಶಾಪಿನಲ್ಲಿ ದುಡಿದು ಬಂದವನು. ಈಗ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಯವರಿಗೇ ಸರ್ಕ್ಯೂಟ್ ನಕ್ಷೆ ತೆಗೆದು ಕಳಿಸುತ್ತಾನೆ. ನಾನು ಜೇವರ್ಗಿಯಲ್ಲಿ ಝೆರಾಕ್ಸ್ ಅಂಗಡಿ ನಡೆಸಿ ಬಿಟ್ಟವನು. ಹಾಳೆಯ ಮೇಲೆ ಏನೇ ಮೂಡಿದರೂ ಅದರಲ್ಲಿ ಮೂಗು ತೂರಿಸುವ ಹಕ್ಕು ನನಗಿದೆ ಅಂತ ನಂಬಿದ್ದೇನೆ.

“ಏನಪಾ ತಮ್ಮಾ, ಮುಂಜಾನಿಂದ ಗೆರಿ ಎಳೀಲಕತ್ತೀದಿ. ಇದಕ್ಕೆ ಆ ಆಟೋಕ್ಯಾಡ್ ಅಂತಾರಲ್ಲ, ಅದೇ ಏನು?”

“ಇಲ್ರಿ ಕಾಕಾ. ಅದರ ಬಾಡಿಗಿ ವರ್ಷಾ ವರ್ಷಾ ಕಟ್ಟಬೇಕು. ದೊಡ್ಡ ಕಂಪನಿಯವರಿಗಿ ಪರವಡಸ್ತದ. ನಂದು ಪುಕ್ಕಟ್ಟಿಂದು.”

ಪುಕ್ಕಟೆ ಅಂದಕೂಡಲೇ ನನ್ನ ಕಿವಿ ನಿಮಿರಿದವು. ಅವನು ಹೇಳಿದ್ದರ ಸಾರ ಇಷ್ಟು. ಆಟೋಕ್ಯಾಡ್ 1982ರಿಂದ ಇದೆ. ಅದರಲ್ಲೇ ವಿದ್ಯುತ್ ನಕ್ಷೆಗೆಂದು ಆಟೋಕ್ಯಾಡ್ ಎಲೆಕ್ಟ್ರಿಕಲ್ ಅನ್ನುವ ಸಲಕರಣೆ ಬರುತ್ತದೆ. ಜರ್ಮನಿಯ ಇ-ಪ್ಲಾನ್ 1984ರದು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಂಥ ದೊಡ್ಡ ಕೆಲಸಕ್ಕೆ, ನೂರಾರು ಹಾಳೆಯ ನಕ್ಷೆಗೆ, ಅಂಥವು ಬೇಕಾಗುತ್ತವೆ. ಪಂಪಿನ ಪ್ಯಾನೆಲ್ಲು, ಹಿಟ್ಟಿನ ಗಿರಣಿ, ದಾಲ್ ಮಿಲ್ಲು ಇಂಥದ್ದಕ್ಕೆ ಕ್ಯೂ-ಎಲೆಕ್ಟ್ರೋಟೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಧಾರಾಳ ಸಾಕು. ಕೀ-ಕ್ಯಾಡ್ ಅಂತ ಇನ್ನೊಂದಿದೆ. ಫ್ರಾನ್ಸಿನ ಗ್ರೆನೋಬ್ಲ್ ಊರಿನ ಜಾನ್-ಪಿಯೆರ್ ಶಾರಾ 1992ರಲ್ಲಿ ಶುರು ಮಾಡಿದ್ದು. ಆಮೇಲೆ ಜಿನೀವಾದ ಸರ್ನ್ ಸಂಸ್ಥೆಯವರೂ ಕೈ ಜೋಡಿಸಿದರು. ಅದೂ ಪುಕ್ಕಟೆಯೇ. ಆದರೆ ಅದು ಪಿಸಿಬಿ, ಅಂದರೆ ಬೆರಳಗಲದ ಎಲೆಕ್ಟ್ರಾನಿಕ್ಸ್ ಹಲಗೆ ಮಾಡುವವರಿಗೆ. ಹೊಲದ ಮೋಟರನ್ನು ಮೊಬೈಲಿನಿಂದ ಚಾಲೂ ಮಾಡುವ ಡಬ್ಬಿ ಇರುತ್ತದಲ್ಲ, ಅದರ ಒಳಗಿನ ಬೋರ್ಡಿಗೆ ಕೀ-ಕ್ಯಾಡ್. ಆ ಡಬ್ಬಿ ಕೂರುವ ಪ್ಯಾನೆಲ್ಲಿಗೆ ಕ್ಯೂ-ಎಲೆಕ್ಟ್ರೋಟೆಕ್.

“ಮಂದಿ ಹೆಸರು ಕೇಳಿ ಸಾಫ್ಟ್‌ವೇರ್ ಆರಿಸ್ತಾರ್ರಿ ಕಾಕಾ. ಕೆಲಸಾ ನೋಡಿ ಆರಿಸಬೇಕು” ಅಂದ. ವರ ನೋಡುವಾಗಲೂ ಹೀಗೇ ಅಂತ ಒಳಗಿಂದ ಅವರವ್ವ ಒಂದು ಮಾತು ಎಸೆದಳು. ಆ ವಿಷಯ ಬೆಳೆಸುವುದು ಬೇಡವಾಗಿ ಹುಡುಗ ಲ್ಯಾಪ್‌ಟಾಪಿನ ಕಡೆ ತಿರುಗಿದ.

ನಕ್ಷೆ ಅಂದಮೇಲೆ ಮೊದಲು ಮೋಟರ್ ಬರೆಯುತ್ತಾರೆ ಅಂದುಕೊಂಡಿದ್ದೆ. ಅವನು ಮೊದಲು ಬರೆಯುವುದು ಹಾಳೆಯ ಬಲಗಡೆ ಕೆಳಗಿನ ಚೌಕಟ್ಟು. ಯಾರ ಕೆಲಸ, ಯಾರು ತೆಗೆದದ್ದು, ಯಾವ ತಾರೀಖು, ಎಷ್ಟನೇ ತಿದ್ದುಪಡಿ, ಒಟ್ಟು ಹಾಳೆ ಎಷ್ಟು, ಇದು ಎಷ್ಟನೆಯದು. ಮೇಲ್ಗಡೆ 1, 2, 3 ಅಂತ ಕಾಲಮ್ಮು, ಬದಿಗೆ ಎ, ಬಿ, ಸಿ ಅಂತ ಸಾಲು. ಇದನ್ನು ಒಂದು ಸಲ ಸರಿಯಾಗಿ ಮಾಡಿ ಟೆಂಪ್ಲೇಟು ಅಂತ ಇಟ್ಟುಕೊಂಡರೆ ಮುಂದಿನ ಎಲ್ಲ ನಕ್ಷೆಗೂ ಅದೇ. ಗಿರಾಕಿಯ ಹೆಸರು ಒಂದು ಕಡೆ ಬದಲಿಸಿದರೆ ಹನ್ನೆರಡು ಹಾಳೆಯಲ್ಲೂ ಬದಲಾಗುತ್ತದೆ. ಇದು ಗೊತ್ತಿಲ್ಲದವರು ಹಳೆಯ ನಕ್ಷೆಯ ಕಾಪಿ ತೆಗೆದು, ಅದರ ಮೇಲೇ ಗೀಚಿ, ಏಳನೇ ಹಾಳೆಯಲ್ಲಿ ಹಿಂದಿನ ಗಿರಾಕಿಯ ಹೆಸರು ಬಿಟ್ಟು ಕಳಿಸುತ್ತಾರೆ. ಲಗ್ನಪತ್ರಿಕೆ ಅಚ್ಚಿನವರ ಹತ್ತಿರ ಇಂಥದ್ದು ನಾನು ಬೇಕಾದಷ್ಟು ಕಂಡಿದ್ದೇನೆ, ಅಲ್ಲಿ ಬೀಗರೇ ಬದಲಾಗಿಬಿಡುತ್ತಾರೆ.

ಅಷ್ಟರಲ್ಲಿ ರಿವೈಂಡಿಂಗ್ ಮಿಸ್ತ್ರಿ ಗಾಡಿ ನಿಲ್ಲಿಸಿದ. ಹಿಂದೆ ಸೀಟಿಗೆ ಹಗ್ಗದಿಂದ ಕಟ್ಟಿದ್ದು ಸುಟ್ಟ ಮೋಟರು. ಸುತ್ತಲ ಹಳ್ಳಿಗಳ ಪಂಪುಗಳಿಗೆಲ್ಲ ಇವನೇ ಡಾಕ್ಟರು. ಮೂವತ್ತು ವರ್ಷದಿಂದ ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳ ತುದಿಯೇ ವಾರ್ನಿಶ್ ಬಣ್ಣಕ್ಕೆ ತಿರುಗಿದೆ.

“ಲೇ ತಮ್ಮಾ, ನಾ ಇಷ್ಟು ವರ್ಷದಾಗ ಒಂದು ಗೆರಿ ಎಳದಿಲ್ಲ. ಎಲ್ಲಾ ನನ್ನ ತಲ್ಯಾಗ ಅದ.”

“ಅದಕ್ಕೇ ಮಾಮಾ, ನೀವು ಒಂದು ಲಗ್ನಕ್ಕ ಹೋದ್ರ ನಾಕು ಊರಿನ ಮೋಟರ್ ನಿಂದ್ರತಾವ.”

ಮಿಸ್ತ್ರಿಗೆ ಇದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಬೇಲಿಗೆ ಮೊಣಕೈ ಊರಿ ಪರದೆಯ ಕಡೆ ಕಣ್ಣು ಕಿರಿದು ಮಾಡಿದ. ನೋಡಿದವನೇ ತಪ್ಪು ಹಿಡಿದೆ ಅನ್ನುವ ಖುಷಿಯಲ್ಲಿ, “ಇದೇನಲೇ, ಎಲ್ಲಾ ಕಾಂಟ್ಯಾಕ್ಟ್ ಬಿಚ್ಚೇ ಬರೆದೀದಿ? ಮೋಟರ್ ಹ್ಯಾಂಗ ತಿರುಗಬೇಕು?” ಅಂದ.

ಆಗ ಹುಡುಗ ಹೇಳಿದ್ದು ನನಗೆ ಬಹಳ ಹಿಡಿಸಿತು. ಸರ್ಕ್ಯೂಟ್ ನಕ್ಷೆ ಯಾವಾಗಲೂ ಕರೆಂಟ್ ಇಲ್ಲದ ಸ್ಥಿತಿಯಲ್ಲೇ ಬರೆಯಬೇಕಂತೆ. ಯಾರೂ ಬಟನ್ ಒತ್ತಿಲ್ಲ, ಯಾವ ಕಾಯಿಲಿಗೂ ಜೀವ ಬಂದಿಲ್ಲ, ಆಗ ತೆರೆದಿರುವುದು ತೆರೆದೇ, ಮುಚ್ಚಿರುವುದು ಮುಚ್ಚಿಯೇ. ಪ್ರಪಂಚದಲ್ಲಿ ಎಲ್ಲ ಕಡೆಯೂ ಇದೇ ರೂಢಿ. ಒಬ್ಬರು ಚಾಲೂ ಇದ್ದ ಹಾಗೆ, ಇನ್ನೊಬ್ಬರು ಬಂದ್ ಇದ್ದ ಹಾಗೆ ಬರೆದರೆ ನಕ್ಷೆ ಓದುವವನು ಹುಚ್ಚನಾಗುತ್ತಾನೆ.

“ಅಂದ್ರ ಕರೆಂಟ್ ಹೋದಾಗಿನ ಚಿತ್ರ” ಅಂದ ಮಿಸ್ತ್ರಿ. “ಹಂಗಾದ್ರ ನಮ್ಮ ಸೀಮಿಯವರಿಗಿ ಛಲೋ ತಿಳೀತದ ಬಿಡು. ನಾವು ಮೋಟರ್ ನೋಡೋದೇ ಹೆಚ್ಚಾಗಿ ಹಂಗ.”

ಪರದೆಯ ಮೇಲಿದ್ದದ್ದು ಸ್ಟಾರ್-ಡೆಲ್ಟಾ ಸ್ಟಾರ್ಟರು. 15 ಎಚ್‌ಪಿ ಮೋಟರಿಗೆ. ನದಿಯಿಂದಲೋ ಬಾವಿಯಿಂದಲೋ ದೂರಕ್ಕೆ ನೀರೆತ್ತುವವರು ಇಟ್ಟುಕೊಳ್ಳುವಂಥದ್ದು. ಮೊದಲು ಸ್ಟಾರಿನಲ್ಲಿ ಎದ್ದು, ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಹೊರಳುತ್ತದೆ. ಸ್ಟಾರಿನಲ್ಲಿರುವಾಗ ಒಂದೊಂದು ಸುರುಳಿಗೆ 415 ವೋಲ್ಟಿನ ಬದಲು 240 ಮಾತ್ರ ಸಿಗುವುದರಿಂದ ಲೈನಿನಿಂದ ಎಳೆಯುವ ಕರೆಂಟು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೋರೂ ಅಷ್ಟೇ ಇಳಿಯುತ್ತದೆ. ಇದಕ್ಕೆ ಮೂರು ಕಾಂಟ್ಯಾಕ್ಟರ್, ಅಂದರೆ ಕಾಯಿಲಿಗೆ ಕರೆಂಟ್ ಬಂದಾಗ ಕೂರುವ ದೊಡ್ಡ ಸ್ವಿಚ್ಚು, ಬೇಕು: ಮೇನು, ಸ್ಟಾರು, ಡೆಲ್ಟಾ. ಹುಡುಗ ಅವಕ್ಕೆ ಕೆ1, ಕೆ2, ಕೆ3 ಅಂತ ಹೆಸರಿಟ್ಟಿದ್ದ. ಹೊಸ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೋಟರಿಗೆ ನೇರ ಕರೆಂಟ್ ಕೊಡುವ ಕಾಂಟ್ಯಾಕ್ಟರಿಗೆ ಕ್ಯೂ, ಬರೀ ರಿಲೇಗೆ ಕೆ, ರಕ್ಷಣೆಗೆ ಎಫ್, ಬಟನ್ನಿಗೆ ಎಸ್, ಮೋಟರಿಗೆ ಎಂ ಅಂತಿದೆ. ಹಳಬರು ಕಾಂಟ್ಯಾಕ್ಟರಿಗೂ ರಿಲೇಗೂ ಕೆ ಅನ್ನುತ್ತಾರೆ. ಯಾವುದಾದರೂ ಇರಲಿ, ನಡುವೆ ಹಾದಿ ಬದಲಿಸಬಾರದು ಅಷ್ಟೇ.

ಇಲ್ಲಿಂದ ಮುಂದೆ ಸಾಫ್ಟ್‌ವೇರಿನ ನಿಜವಾದ ಉಪಕಾರ. ಮೋಟರಿಗೆ ಹೋಗುವ ದಪ್ಪ ತಂತಿಯ ದಾರಿ ಒಂದು ಹಾಳೆಯಲ್ಲಿ, ಬಟನ್ನು ಟೈಮರುಗಳ ಕಂಟ್ರೋಲು ಇನ್ನೊಂದು ಹಾಳೆಯಲ್ಲಿ. ಎರಡನ್ನೂ ಕಲಸಿ ಒಂದೇ ಹಾಳೆಯಲ್ಲಿ ಬರೆದರೆ ಬರೆದವನಿಗೂ ಓದಲು ಬರುವುದಿಲ್ಲ. ಆದರೆ ಬಿಡಿಸಿದಾಗ ತೊಡಕು ಒಂದು. ಕೆ1ರ ಕಾಯಿಲು, ಎ1-ಎ2 ಅಂತ ಬರೆದದ್ದು, ಎರಡನೇ ಹಾಳೆಯಲ್ಲಿ. ಅದರ ಮೂರು ದೊಡ್ಡ ಕಾಂಟ್ಯಾಕ್ಟು ಮೊದಲನೇ ಹಾಳೆಯಲ್ಲಿ. 13-14ರ ಸಣ್ಣ ಕಾಂಟ್ಯಾಕ್ಟು ಮತ್ತೆಲ್ಲೋ. ನಮ್ಮ ಕಡೆಯ ಮನೆಯ ಹಾಗೆ: ಅವ್ವ ಇಜೇರಿಯಲ್ಲಿ, ಒಬ್ಬ ಮಗ ಪುಣೆಯಲ್ಲಿ, ಒಬ್ಬ ಹೈದರಾಬಾದಿನಲ್ಲಿ, ಕಿರಿಯವ ಬೆಂಗಳೂರಿನಲ್ಲಿ. ಅವ್ವ ಒಂದು ಫೋನ್ ಮಾಡಿದರೆ ಮೂವರೂ ಎದ್ದು ನಿಲ್ಲಬೇಕು. ಯಾರು ಎಲ್ಲಿದ್ದಾರೆ ಅನ್ನುವ ವಿಳಾಸ ಅವ್ವನ ಹತ್ತಿರ ಇರಬೇಕು, ಮಕ್ಕಳ ಹತ್ತಿರ ಅವ್ವನ ವಿಳಾಸ ಇರಬೇಕು. ಇದಕ್ಕೆ ಕ್ರಾಸ್ ರೆಫರೆನ್ಸ್ ಅನ್ನುತ್ತಾರೆ. ಕಾಯಿಲಿನ ಕೆಳಗೆ ಸಣ್ಣಕ್ಷರದಲ್ಲಿ, ಯಾವ ಹಾಳೆ, ಯಾವ ಸಾಲು, ಯಾವ ಕಾಲಮ್ಮು ಅಂತ ತಾನಾಗಿಯೇ ಮೂಡುತ್ತದೆ. ಕ್ಯೂ-ಎಲೆಕ್ಟ್ರೋಟೆಕ್‌ನಲ್ಲಿ ಕಾಯಿಲು ಮಾಸ್ಟರು, ಕಾಂಟ್ಯಾಕ್ಟು ಸ್ಲೇವು. ಎರಡನ್ನೂ ಒಂದು ಸಲ ಗಂಟು ಹಾಕಿದರೆ ಆಯಿತು. ನಾಳೆ ಕೆ1 ಅನ್ನುವುದನ್ನು ಕ್ಯೂ1 ಮಾಡಿದರೆ ಎಲ್ಲ ಕಡೆ ಕ್ಯೂ1.

“ಬಾಳ ಮಂದಿ ಇಲ್ಲೇ ಎಡವತಾರ್ರಿ” ಅಂದ ಹುಡುಗ. “ಗಂಟು ಹಾಕೂದು ಬಿಟ್ಟು, ಕೈಲೆ ಕೆ1 ಅಂತ ಟೈಪ್ ಮಾಡ್ತಾರ. ನೋಡ್ಲಿಕ್ಕಿ ಸೇಮ್. ಹೆಸರು ಬದಲಿ ಮಾಡಿದ ದಿನ ಬಣ್ಣಾ ಬಯಲಾಗ್ತದ. ಟೈಪ್ ಮಾಡೂದೇ ಇದ್ರ ಸಾಫ್ಟ್‌ವೇರ್ ಯಾಕ ಬೇಕು, ಹಾಳಿ ಪೆನ್ಸಿಲ್ ಸಾಕಲ್ಲ?”

ತಂತಿಯ ನಂಬರೂ ಹೀಗೇ. ಒಂದು ತಂತಿ ಟರ್ಮಿನಲ್ಲಿಗೆ ಬಂದು ಅಲ್ಲಿಂದ ಮುಂದೆ ಹೋದರೆ ನಂಬರು ಬದಲಾಗುವುದಿಲ್ಲ. ಕಾಂಟ್ಯಾಕ್ಟು, ಫ್ಯೂಸು, ಬಟನ್ನು, ಕಾಯಿಲು ಇಂಥದ್ದನ್ನು ದಾಟಿದರೆ ಬದಲಾಗಬೇಕು, ಯಾಕೆಂದರೆ ಅಲ್ಲಿಂದಾಚೆ ಕರೆಂಟ್ ಇರಲೂಬಹುದು ಇರದಿರಲೂಬಹುದು. ನಂಬರು ಹಾಕುವ ಕೆಲಸ ಸಾಫ್ಟ್‌ವೇರಿಗೆ ಬಿಟ್ಟುಬಿಡಬೇಕು. ಆದರೆ ನಕ್ಷೆ ಪೂರ್ತಿ ಆದ ಮೇಲೆ, ಒಂದೇ ಸಲ. ಪ್ಯಾನೆಲ್ಲು ಕಟ್ಟಿ, ತಂತಿಗೆ ನಂಬರಿನ ಫೆರೂಲ್ ತೊಡಿಸಿ ಆದ ಮೇಲೆ ಮತ್ತೆ ನಂಬರ್ ಹಾಕು ಅಂತ ಗುಂಡಿ ಒತ್ತಿದರೆ ಮುಗಿಯಿತು, ಹಾಳೆಯಲ್ಲಿ ಒಂದು ನಂಬರು, ತಂತಿಯ ಮೇಲೆ ಇನ್ನೊಂದು.

ಮಿಸ್ತ್ರಿ ಇದನ್ನು ಒಪ್ಪಿದ. ತಂತಿಯ ನಂಬರು ಉಜ್ಜಿಹೋದ ಪ್ಯಾನೆಲ್ಲು ರಿಪೇರಿ ಮಾಡುವುದು ಏನು ಕಷ್ಟ ಅಂತ ಅವನಿಗೆ ಗೊತ್ತು. “ಸ್ಟಾರ್ಟರಿನ ಮುಚ್ಚಳದ ಒಳಗ ಕಂಪನಿಯವರೇ ಒಂದು ಚಿತ್ರ ಅಂಟಿಸಿರ್ತಾರ. ಎರಡು ಮಳಗಾಲಕ್ಕ ಅದು ಹಲ್ಲಿ ತತ್ತಿ ಇಡೋ ಜಾಗ ಆಗ್ತದ.”

ಇನ್ನು ಕೈಚಳಕದ ಮಾತು. ಪರದೆಯ ಮೇಲೆ ಚುಕ್ಕಿ ಚುಕ್ಕಿ ಕಾಣುತ್ತವಲ್ಲ, ಗ್ರಿಡ್ಡು, ಅದನ್ನು ಎಂದೂ ಬಿಡಬಾರದು. ಕೀ-ಕ್ಯಾಡಿನಲ್ಲಿ ಅದರ ಅಳತೆ 1.27 ಮಿಲಿಮೀಟರ್. ಅಂದ ಕಾಣಲೆಂದು ಒಂದು ಚಿಹ್ನೆಯನ್ನು ಗ್ರಿಡ್ ಬಿಟ್ಟು ಕೂದಲೆಳೆಯಷ್ಟು ಆಚೆ ಇಟ್ಟರೆ, ಗೆರೆ ಅದಕ್ಕೆ ತಾಗಿದ ಹಾಗೆ ಕಣ್ಣಿಗೆ ಕಾಣುತ್ತದೆ, ಸಾಫ್ಟ್‌ವೇರಿನ ಲೆಕ್ಕದಲ್ಲಿ ತಾಗಿರುವುದಿಲ್ಲ. ಹುಡುಗ ದೊಡ್ಡದು ಮಾಡಿ ತೋರಿಸಿದ. ಸೇರದೆ ಉಳಿದ ಕಾಲಿನ ತುದಿಗೆ ಪುಟ್ಟ ಸೊನ್ನೆ ಇತ್ತು. ಗೆರೆ ಸೇರಿದಾಗ ಸೊನ್ನೆ ಮಾಯ. ನನ್ನಂಥ ಚಾಳೀಸಿನವನಿಗೆ ಆ ಸೊನ್ನೆ ಕಾಣುವುದು ಅಷ್ಟರಲ್ಲೇ ಇದೆ.

ಎರಡು ಗೆರೆ ಅಡ್ಡಹಾಯ್ದರೆ ಅವು ಸೇರಿವೆ ಅಂತ ಅಲ್ಲ. ನಡುವೆ ಕಪ್ಪು ಚುಕ್ಕಿ ಇದ್ದರೆ ಮಾತ್ರ ಸೇರಿವೆ. ಝೆರಾಕ್ಸಿನಲ್ಲಿ ಧೂಳಿನ ಕಣ ಬಿದ್ದರೂ ಚುಕ್ಕಿಯೇ. ಅದಕ್ಕೇ ತಿಳಿದವರು ನಾಲ್ಕು ದಾರಿ ಒಂದೇ ಕಡೆ ಕೂಡಿಸುವುದಿಲ್ಲ. ಸ್ವಲ್ಪ ಹಿಂದೆ ಮುಂದೆ ಮಾಡಿ ಎರಡು ಮೂರುದಾರಿ ಮಾಡುತ್ತಾರೆ. ಆಗ ಚುಕ್ಕಿ ಅಳಿಸಿದರೂ ಅರ್ಥ ಅಳಿಯುವುದಿಲ್ಲ. ಈ ಉಪಾಯ ಕೇಳಿ ನಾನು ಮನಸ್ಸಿನಲ್ಲೇ ಕೈ ಮುಗಿದೆ. ನನ್ನ ಮಷಿನ್ನಿನ ಗಾಜಿನ ಮೇಲಿದ್ದ ಕಲೆಗಳಿಂದ ಯಾರ್‍ಯಾರ ಮೋಟರಿಗೆ ಏನೇನು ಸೇರಿತ್ತೋ.

ಕೀಬೋರ್ಡಿನ ಹತ್ತು ಗುಂಡಿ ಕಲಿತರೆ ಮೌಸಿನ ಅರ್ಧ ಓಡಾಟ ತಪ್ಪುತ್ತದೆ. ಕೀ-ಕ್ಯಾಡಿನಲ್ಲಿ ಎ ಒತ್ತಿದರೆ ಚಿಹ್ನೆ, ಡಬ್ಲ್ಯೂ ಒತ್ತಿದರೆ ತಂತಿ, ಆರ್ ಒತ್ತಿದರೆ ತಿರುಗುತ್ತದೆ. ಎಂ ಮತ್ತು ಜಿ ಎರಡೂ ಸರಿಸುತ್ತವೆ; ಎಂ ಒತ್ತಿದರೆ ಚಿಹ್ನೆ ಮಾತ್ರ ಬರುತ್ತದೆ, ಜಿ ಒತ್ತಿದರೆ ತಂತಿಯನ್ನೂ ಎಳೆದುಕೊಂಡು ಬರುತ್ತದೆ. ಹೊಸಬರು ಎಂ ಒತ್ತಿ ಸಂಬಂಧ ಕಡಿದುಕೊಂಡು ಕೂರುತ್ತಾರೆ.

ತಾನೇ ಮಾಡಿಕೊಂಡ ಚಿಹ್ನೆಗಳನ್ನು ಸಾಫ್ಟ್‌ವೇರಿನ ಜೊತೆ ಬಂದ ಭಂಡಾರದಲ್ಲಿ ಸೇರಿಸಬಾರದು ಅನ್ನುವುದು ಅವನ ಇನ್ನೊಂದು ಕಟ್ಟಳೆ. ಬೇರೆ ಫೋಲ್ಡರಿನಲ್ಲಿ ಇಡಬೇಕು. ಹೊಸ ಆವೃತ್ತಿ ಬಂದಾಗ ಹಳೆಯ ಭಂಡಾರವನ್ನು ಗುಡಿಸಿ ಹಾಕುತ್ತದೆ, ನಮ್ಮ ಬೆವರೂ ಅದರ ಜೊತೆ ಕಸಕ್ಕೆ.

ಮೊಬೈಲ್ ಸ್ಟಾರ್ಟರಿನ ಬೋರ್ಡು ತೋರಿಸುವಾಗ ಒಂದು ತಮಾಷೆ ಆಯಿತು. ಕೀ-ಕ್ಯಾಡಿನಲ್ಲಿ ನಿಯಮ ಪರೀಕ್ಷೆ ಅಂತ ಒಂದು ಗುಂಡಿ ಇದೆ, ಇ.ಆರ್.ಸಿ. ಒತ್ತಿದರೆ ಇಡೀ ನಕ್ಷೆ ಓದಿ ತಪ್ಪು ಹೇಳುತ್ತದೆ. ಹುಡುಗ ಒತ್ತಿದ. ಎಲ್ಲ ಸರಿ ಇದ್ದರೂ, ಈ ಚಿಪ್ಪಿನ ಕಾಲಿಗೆ ಕರೆಂಟು ಎಲ್ಲಿಂದಲೂ ಬರುತ್ತಿಲ್ಲ ಅಂತ ಕೆಂಪು ಬಾಣ ತೋರಿಸಿತು.

“ಕಣ್ಣಿಲ್ಲೇನು ಅದಕ್ಕ? ಪ್ಲಗ್ ಅಲ್ಲೇ ಅದಲ್ಲ!” ಅಂದೆ ನಾನು.

“ಪ್ಲಗ್ ಅದ, ಆದರ ಅದರಾಗಿಂದ ಕರೆಂಟ್ ಬರ್ತದ ಅಂತ ಅದಕ್ಕ ನಾವು ಹೇಳಬೇಕ್ರಿ. ಪವರ್ ಫ್ಲ್ಯಾಗ್ ಅಂತ ಒಂದು ನಿಶಾನಿ ಅದ, ಅದನ್ನ ಹಚ್ಚಬೇಕು.”

“ನಿಶಾನಿ ಹಚ್ಚಿದ್ರ ಕರೆಂಟ್ ಬರ್ತದೇನು?” ಮಿಸ್ತ್ರಿ ಕೂಡಲೇ ಕೇಳಿದ. “ಹಂಗಿದ್ರ ನಮ್ಮ ಹೊಲಕ್ಕೊಂದು ಕೊಡಪಾ.”

ಹೆಸರಿನ ಚೀಟಿಯ ಬಗ್ಗೆಯೂ ಎಚ್ಚರ ಬೇಕು. ಎರಡು ಕಡೆ ಒಂದೇ ಹೆಸರು ಬರೆದರೆ ನಡುವೆ ಗೆರೆ ಇಲ್ಲದಿದ್ದರೂ ಅವು ಸೇರಿದ ಲೆಕ್ಕ. ಒಂದಕ್ಷರ ತಪ್ಪಿದರೆ ಸೇರಲಿಲ್ಲ. ‘ಸ್ಟಾರ್ಟ್’ ಅಂತ ಒಂದು ಕಡೆ, ‘ಸ್ಟಾರ್ಟ1’ ಅಂತ ಇನ್ನೊಂದು ಕಡೆ ಬರೆದರೆ ಅವೆರಡೂ ಪರಿಚಯವಿಲ್ಲದ ತಂತಿಗಳು. ಇಂಥದ್ದನ್ನು ಪರೀಕ್ಷೆಯ ಗುಂಡಿ ಎಷ್ಟೋ ಸಲ ಹಿಡಿಯುತ್ತದೆ.

ಆದರೆ ಅದು ಹಿಡಿಯದೇ ಇರುವುದೇ ದೊಡ್ಡದು. ಈ ಭಾಗಕ್ಕೆ ಬಂದಾಗ ಮಿಸ್ತ್ರಿಯೂ ಹುಡುಗನೂ ಒಂದೇ ಪಕ್ಷ ಆಗಿಬಿಟ್ಟರು. ಸ್ಟಾರು ಡೆಲ್ಟಾ ಎರಡು ಕಾಂಟ್ಯಾಕ್ಟರೂ ಒಟ್ಟಿಗೆ ಕೂತರೆ ಮೂರೂ ಫೇಸು ನೇರ ಶಾರ್ಟು. ಅದಕ್ಕೇ ಸ್ಟಾರಿನ ಕಾಯಿಲಿನ ದಾರಿಯಲ್ಲಿ ಡೆಲ್ಟಾದ 21-22 ನಂಬರಿನ ಮುಚ್ಚಿದ ಕಾಂಟ್ಯಾಕ್ಟು, ಡೆಲ್ಟಾದ ದಾರಿಯಲ್ಲಿ ಸ್ಟಾರಿನ 21-22 ಕಾವಲು ಇಡಬೇಕು. ಈ ಇಂಟರ್‌ಲಾಕ್ ಬಿಟ್ಟರೂ ಸಾಫ್ಟ್‌ವೇರಿನ ದೃಷ್ಟಿಯಲ್ಲಿ ನಕ್ಷೆ ಶುದ್ಧ, ಯಾಕೆಂದರೆ ಎಲ್ಲ ತಂತಿಗೂ ತುದಿ ಇದೆ.

ಓವರ್‌ಲೋಡ್ ರಿಲೇ ಇನ್ನೊಂದು. ಸ್ಟಾರ್-ಡೆಲ್ಟಾದಲ್ಲಿ ಅದನ್ನು ಮೇನ್ ಕಾಂಟ್ಯಾಕ್ಟರಿನ ಕೆಳಗೆ, ಸುರುಳಿಯ ದಾರಿಯಲ್ಲಿ ಇಟ್ಟರೆ ಅದರೊಳಗೆ ಹರಿಯುವುದು ಲೈನ್ ಕರೆಂಟಿನ ಶೇಕಡಾ 58 ಮಾತ್ರ. ಮೋಟರಿನ ಹಲಗೆಯ ಮೇಲೆ 20 ಆಂಪಿಯರ್ ಅಂತಿದ್ದರೆ ರಿಲೇ 11.6ಕ್ಕೆ ಇಡಬೇಕು. 20ಕ್ಕೇ ಇಟ್ಟರೆ ಮೋಟರ್ ಸುಡುವವರೆಗೂ ರಿಲೇ ಸುಮ್ಮನೆ ನೋಡುತ್ತಿರುತ್ತದೆ.

“ನನ್ನ ಅರ್ಧ ಸಂಸಾರ ನಡಿಯೋದು ಇದರ ಮ್ಯಾಲೇ” ಅಂದ ಮಿಸ್ತ್ರಿ, ಗಾಡಿಯ ಮೇಲಿನ ಮೋಟರ್ ತಟ್ಟುತ್ತ. ಅದಕ್ಕೇ ಹುಡುಗ ರಿಲೇ ಚಿಹ್ನೆಯ ಪಕ್ಕದಲ್ಲೇ ಎಷ್ಟಕ್ಕೆ ಇಡಬೇಕು ಅಂತ ಬರೆಯುತ್ತಾನೆ. ಪ್ರತಿ ಕಾಯಿಲಿನ ಪಕ್ಕ ಅದರ ವೋಲ್ಟೇಜೂ ಬರೆಯುತ್ತಾನೆ. ಹೊಲದಲ್ಲಿ ನ್ಯೂಟ್ರಲ್ ನಂಬುವ ಹಾಗಿಲ್ಲವಾದ್ದರಿಂದ ಪಂಪಿನ ಸ್ಟಾರ್ಟರಿನ ಕಾಯಿಲು ಎರಡು ಫೇಸಿನ ನಡುವೆ ಕೂರುವ 415 ವೋಲ್ಟಿನದೇ ಹೆಚ್ಚು. ಅದು ಸುಟ್ಟಾಗ ಅಂಗಡಿಗೆ ಹೋಗಿ ಅದೇ ಗಾತ್ರದ 230ರ ಕಾಯಿಲು ತಂದು ಕೂರಿಸಿದರೆ ಹೊಗೆ ಬರಲು ಬಹಳ ಹೊತ್ತು ಬೇಡ. ಎಲ್ಲ ಬರೆದು, ಎಲ್ಲ ಪರೀಕ್ಷೆ ಪಾಸಾಗಿ, ಎರಡು ಫೇಸು ಅದಲು ಬದಲಾದರೆ ಪಂಪು ತಿರುಗುಮುರುಗು ತಿರುಗಿ ನೀರು ತೊಟ್ಟಿಕ್ಕುತ್ತದೆ. ಯಾವ ಸಾಫ್ಟ್‌ವೇರಿಗೂ ಅದು ಗೊತ್ತಾಗುವುದಿಲ್ಲ.

ಹಾಳೆಯ ವಿಷಯ ಬಂದಾಗ ನನ್ನ ಪಾಳಿ. ಬಣ್ಣ ನಂಬಬೇಡ ತಮ್ಮಾ ಅಂದೆ. ಪರದೆಯ ಮೇಲೆ ಕೆಂಪು, ಹಳದಿ, ನೀಲಿ ಅಂತ ಮೂರು ಫೇಸು ಚೆಂದ ಕಾಣುತ್ತವೆ. ಝೆರಾಕ್ಸಿನಲ್ಲಿ ಮೂರೂ ಕಪ್ಪು, ಹಳದಿಯಂತೂ ಇಲ್ಲವೇ ಇಲ್ಲ. ಪ್ರತಿ ಗೆರೆಯ ಮೇಲೂ ಎಲ್1, ಎಲ್2, ಎಲ್3 ಅಂತ ಅಕ್ಷರ ಇರಲಿ. ಇನ್ನೊಂದು, ಎ3 ಹಾಳೆಗೆ ತೆಗೆದದ್ದನ್ನು ಜನ ಎ4ಕ್ಕೆ ಇಳಿಸಿ ಕೇಳುತ್ತಾರೆ. ಉದ್ದ ಅಗಲ ಸುಮಾರು ಶೇಕಡಾ 70ಕ್ಕೆ ಇಳಿಯುತ್ತದೆ. 2.5 ಮಿಲಿಮೀಟರಿನ ಅಕ್ಷರ 1.8ಕ್ಕೆ ಬಂದು ನಿಂತರೆ ಬ್ಯಾಟರಿ ಬೆಳಕಿನಲ್ಲಿ ಯಾರು ಓದಬೇಕು? ಮೊದಲೇ 3.5 ಇಡು.

ಈ ಮಾತು ಅವನು ಬರೆದುಕೊಂಡ. ನನಗೂ ಸ್ವಲ್ಪ ಎದೆ ಉಬ್ಬಿತು. ಅದೇ ಹುರುಪಿನಲ್ಲಿ, ಕನ್ನಡದಲ್ಲಿ ಬರೆಯಬಾರದೇನೋ ಅಂದೆ.

“ಬರೀಬಹುದ್ರಿ. ಆದರ ಉಪಾಯ ಗೊತ್ತಿರಬೇಕು.” ಆಟೋಕ್ಯಾಡಿನ ಹಳೆಯ ಗೆರೆ-ಫಾಂಟುಗಳಲ್ಲಿ ಕನ್ನಡ ಹೊಡೆದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ಅಕ್ಷರದ ಶೈಲಿಯನ್ನು ತುಂಗಾದಂಥ ಯೂನಿಕೋಡ್ ಫಾಂಟಿಗೆ ಬದಲಿಸಬೇಕು. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗುತ್ತದೆ. ನುಡಿಯಲ್ಲೇ ಬರೆದರೂ ಯೂನಿಕೋಡ್ ಆರಿಸಿ ಬರೆಯಬೇಕು. ಕೀ-ಕ್ಯಾಡಿನಲ್ಲಿ 2023ರ ಏಳನೇ ಆವೃತ್ತಿಯಿಂದ ಕಂಪ್ಯೂಟರಿನಲ್ಲಿರುವ ಯಾವ ಫಾಂಟನ್ನಾದರೂ ಬಳಸಬಹುದು. ಕೆ1, ಎ1, 13-14 ಇವನ್ನು ಮಾತ್ರ ಹಾಗೇ ಬಿಡಬೇಕು, ಯಾಕೆಂದರೆ ಸಾಮಾನಿನ ಮೇಲೆ ಅಚ್ಚಾಗಿರುವುದೇ ಅದು. ‘ನೀರು ಇಲ್ಲ’, ‘ಒಂದು ಫೇಸ್ ಇಲ್ಲ’, ‘ಓವರ್‌ಲೋಡ್, ಕೆಂಪು ಗುಂಡಿ ಒತ್ತಿ’ ಇಂಥವು ಕನ್ನಡದಲ್ಲೇ ಇರಬೇಕು, ರಾತ್ರಿ ಬಂದು ನೋಡುವವನು ರೈತ.

ಕಡತ ಇಡುವ ಬಗ್ಗೆ ಅವನು ಹೇಳಿದ್ದು ಚುಟುಕಾಗಿ ಹೇಳಿಬಿಡುತ್ತೇನೆ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಖರೇ’ ಅಂತ ಹೆಸರಿಡುವ ಬದಲು ತಾರೀಖು, ತಿದ್ದುಪಡಿಯ ನಂಬರು ಹಾಕಬೇಕು. ಈ ಎರಡೂ ಉಚಿತ ಸಾಫ್ಟ್‌ವೇರುಗಳ ಕಡತ ಒಳಗೆ ಬರೀ ಪಠ್ಯ. ಗಾತ್ರ ಸಣ್ಣದು, ಇಲ್ಲಿಯ ನೆಟ್‌ವರ್ಕಿನಲ್ಲೂ ಹೋಗುತ್ತದೆ, ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಸಾಲು ಸಾಲು ಹೋಲಿಸಿ ನೋಡಬಹುದು. ಗಿರಾಕಿಗೆ ಪಿಡಿಎಫ್ ಮಾತ್ರ. ಸಾಮಾನಿನ ಪಟ್ಟಿಯನ್ನು ಕೈಯಿಂದ ಎಣಿಸಬಾರದು, ನಕ್ಷೆಯಿಂದಲೇ ತೆಗೆಸಬೇಕು. ಆಗ ಅಂಗಡಿಗೆ ಎರಡನೇ ಸಲ ಹೋಗುವ ಕೆಲಸ ತಪ್ಪುತ್ತದೆ. ಎಲ್ಲಕ್ಕಿಂತ ಕಟ್ಟುನಿಟ್ಟಿನದು ಇದು: ಸೈಟಿನಲ್ಲಿ ಒಂದು ತಂತಿ ಬದಲಿಸಿದರೂ ಅಲ್ಲೇ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಮನೆಗೆ ಬಂದು ಕಡತ ತಿದ್ದಬೇಕು. ಪ್ಯಾನೆಲ್ಲಿಗೆ ಹೊಂದದ ನಕ್ಷೆ ನಕ್ಷೆ ಇಲ್ಲದ್ದಕ್ಕಿಂತ ಕೆಟ್ಟದ್ದು. ಇಲ್ಲದಿದ್ದರೆ ಮನುಷ್ಯ ಎಚ್ಚರದಿಂದಾದರೂ ಇರುತ್ತಾನೆ.

ಇಷ್ಟೆಲ್ಲ ಯಾಕಪ್ಪಾ, ಒಂದು ಪಂಪಿಗೆ, ಅಂತ ಮಿಸ್ತ್ರಿ ಕೊನೆಯ ಬಾಣ ಬಿಟ್ಟ. ಹುಡುಗ ಆಗ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಬೆರಳು ಮಡಿಚಿ ಲೆಕ್ಕ ಹಾಕಿದ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀ ಫೇಸ್ ಅನ್ನುವುದು ಸರ್ಕಾರದ ಲೆಕ್ಕ. ಅದು ರಾತ್ರಿ ಬಂದರೆ ಯಾರು ಎದ್ದು ಹೋಗುತ್ತಾರೆ? ಎಲ್ಲರೂ ಕರೆಂಟ್ ಬಂದಕೂಡಲೇ ತಾನಾಗಿ ಚಾಲೂ ಆಗುವ ಆಟೋ ಸ್ವಿಚ್ಚು ಹಾಕಿಸಿದ್ದಾರೆ. ಒಂದು 63 ಕೆವಿಎ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಅಂದುಕೊಳ್ಳಿ. ಅದು ತಡೆಯುವುದು ಸುಮಾರು 84 ಆಂಪಿಯರ್. 5 ಎಚ್‌ಪಿ ಮೋಟರ್ ತಿರುಗುತ್ತಿದ್ದಾಗ ಎಳೆಯುವುದು ಸುಮಾರು 7.5. ಹತ್ತು ಮೋಟರಿಗೆ 75. ಲೆಕ್ಕ ಕೂಡಿತು, ಎಲ್ಲರಿಗೂ ನೀರು. ಆದರೆ ನೇರ ಸ್ಟಾರ್ಟರಿನಲ್ಲಿ ಎದ್ದೇಳುವ ಗಳಿಗೆಯಲ್ಲಿ ಮೋಟರು ಅದರ ಆರು ಪಟ್ಟು ಎಳೆಯುತ್ತದೆ. ಹತ್ತೂ ಒಂದೇ ಉಸಿರಿಗೆ ಎದ್ದರೆ 450.

“ದಿನಾ ಹಿಂಗಾದ್ರ ಟಿಸಿ ಎಷ್ಟು ದಿನ ತಡಕೊಂತದ್ರಿ ಮಾಮಾ? ಒಂದು ಟೈಮರ್ ಹಾಕಿ, ಒಬ್ಬರದು ಹತ್ತು ಸೆಕೆಂಡ್, ಒಬ್ಬರದು ಇಪ್ಪತ್ತು, ಒಬ್ಬರದು ಮೂವತ್ತು ಇಟ್ರ ಆತು. ಒಂದರ ಹಿಂದ ಒಂದು ಏಳ್ತಾವ. ಕರೆಂಟ್ ಬಂದ ಮ್ಯಾಲ ಇದನ್ನ ಯೋಚನಾ ಮಾಡ್ಲಿಕ್ಕಿ ಯಾರಿಗಿ ಟೈಮ್ ಇರ್ತದ? ಅದು ಇಲ್ಲದಾಗ ಹಾಳಿ ಮ್ಯಾಲ ಮಾಡಿಡಬೇಕು. ಈ ಸಾಫ್ಟ್‌ವೇರ್ ಇರೂದು ಇಷ್ಟಕ್ಕೇ.”

ಮಿಸ್ತ್ರಿ ಸುಮ್ಮನಾದ. ಸುಟ್ಟ ಟಿಸಿ ಇಳಿಸಿ ಹೊಸದು ಏರಿಸುವಷ್ಟರಲ್ಲಿ ಬೆಳೆ ಏನಾಗುತ್ತದೆ ಅಂತ ಬೇಲಿಯ ಈಚೆಗೂ ಆಚೆಗೂ ಯಾರಿಗೆ ಗೊತ್ತಿಲ್ಲ? ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಆ ಟೈಮರಿನ ಹಾಳೆ ತನಗೂ ಬೇಕು ಅಂದ. ಹತ್ತು ಕಾಪಿ ತೆಗೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟರೆ ತಾನು ಕಟ್ಟಿದ ಮೋಟರಿನ ಸ್ಟಾರ್ಟರುಗಳಿಗೆಲ್ಲ ಅಂಟಿಸುತ್ತೇನೆ ಅಂದ. ಲ್ಯಾಮಿನೇಷನ್ ನನ್ನ ಕಡೆಯಿಂದ ಪುಕ್ಕಟೆ ಅಂದೆ ನಾನು. ಅಂಗಡಿ ಹೋದರೂ ಮಷಿನ್ನು ಅಟ್ಟದ ಮೇಲಿದೆ.

“ಆದರ ತಮ್ಮಾ, ಆ ಮೂಲ್ಯಾಗಿನ ಚೌಕಟ್ಟಿನಾಗ ನನ್ನ ಮೊಬೈಲ್ ನಂಬರ್ ಹಾಕು.”

“ನಕ್ಷಿ ಇದ್ದ ಮ್ಯಾಲ ನಂಬರ್ ಯಾಕ್ರಿ ಮಾಮಾ?”

“ನಕ್ಷಿ ಓದ್ಲಿಕ್ಕಿ ಬಂದವರು ನಕ್ಷಿ ಓದ್ಲಿ. ಬರದವರು ನನಗ ಫೋನ್ ಮಾಡ್ಲಿ. ನಾನೂ ಬದಕಬೇಕಲ್ಲೊ?”